ಮರಗಳಂತೆ ಕಾಣುವ ದಿನಗಳು



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರ ಅದೇ ದಿನ ಫ್ರಾನ್ಸ್ ದೇಶದ ಲೂರ್ದು ಎಂಬ ಊರಿನಲ್ಲಿ ಸೌದೆ ಆಯಲು ಹೋಗಿದ್ದ ಹದಿನಾಲ್ಕು ವರ್ಷದ ಬಡ ಬಾಲಕಿ ಬರ್ನದೆತ್ತಳಿಗೆ ಮಾತೆ ಮರಿಯಮ್ಮನವರು ಮೊದಲ ದರ್ಶನ ನೀಡಿದರು. ವಿಶ್ವಗುರು ಎರಡನೇ ಜಾನ್ ಪಾಲ್‌ರವರು 1992ರಲ್ಲಿ ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. 1993ರಿಂದ ಶ್ರೀಸಭೆ ಅದನ್ನು ಆಚರಿಸುತ್ತಾ ಬಂದಿದೆ.

ಅಂದು ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ. ಕೋಲೂರಿ ಬಂದ ಅಜ್ಜ ಅಜ್ಜಿಯರು, ಈಚೆಗೆ ಆಪರೇಷನ್ ಆದವರು, ಗಾಲಿಕುರ್ಚಿಯಲ್ಲಿ ಬಂದವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅವರನ್ನು ನಾವೆಲ್ಲರೂ ಗುರುತಿಸುತ್ತೇವೆ. ಆದರೆ ಹಿಂದೆ, ಬಾಗಿಲ ಪಕ್ಕದ ಬೆಂಚಿನಲ್ಲಿ, ಬೇಕೆಂದೇ ಅಲ್ಲಿ ಕುಳಿತವರೂ ಇರುತ್ತಾರೆ. ಜನ ತುಂಬಿದರೆ ಅವರ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಎದ್ದು ಹೊರಗೆ ಹೋಗಲು ದಾರಿ ಬೇಕಾಗುತ್ತದೆ. ನೋಡುವವರ ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆತಂಕದ ಕಾಯಿಲೆಯ ಈ ಸಹೋದರ ಸಹೋದರಿಯರ ಬಗ್ಗೆ, ಅದರಲ್ಲೂ ಹೊಸದಾಗಿ ಮಾತ್ರೆ ಶುರುಮಾಡಿದವರ ಬಗ್ಗೆ, ಈ ಹಬ್ಬದಲ್ಲಿ ನಾಲ್ಕು ಮಾತು ಆಡಬೇಕೆನಿಸಿದೆ.

ಚಿಂತೆ ಯಾರಿಗಿಲ್ಲ? ಮಗಳ ಪರೀಕ್ಷೆ, ಮಗನ ಕೆಲಸ, ಬ್ಯಾಂಕಿನ ಕಂತು, ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಕಾರಣವಿದ್ದರೂ ಇಲ್ಲದಿದ್ದರೂ ಆತಂಕ ತಿಂಗಳುಗಟ್ಟಲೆ ಬಿಡದೆ, ನಿದ್ದೆ ಕೆಡಿಸಿ, ಬಸ್ಸು ಹತ್ತಲು, ಸಂತೆಗೆ ಹೋಗಲು, ಪೂಜೆಗೆ ಬರಲು ಬಿಡದಂತಾದರೆ ಅದು ಕಾಯಿಲೆ. ಇ.ಸಿ.ಜಿ. ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಎಲ್ಲವೂ ಸರಿಯಿದೆ ಎಂದಾದ ಮೇಲೆ, ಬಹಳ ಹಿಂಜರಿಕೆಯ ನಂತರ ಮನೋವೈದ್ಯರ ಬಳಿ ಹೋಗುತ್ತಾರೆ. ವೈದ್ಯರು ಮಾತ್ರೆ ಬರೆಯುತ್ತಾರೆ. ಇಷ್ಟಾದರೆ ಅರ್ಧ ಕಷ್ಟ ಮುಗಿಯಿತು ಎಂದುಕೊಳ್ಳುತ್ತೇವೆ. ಹತ್ತು ದಿನ ಕಳೆದ ಮೇಲೆ ಬರುವ ಮಾತೇ ಬೇರೆ: "ಫಾದರ್, ಇಷ್ಟು ದಿನ ನುಂಗಿದ್ದಾಯ್ತು, ಏನೂ ಪ್ರಯೋಜನ ಇಲ್ಲ. ಹೊಟ್ಟೆ ತೊಳಸುತ್ತೆ, ತಲೆ ಭಾರ. ಮೊದಲೇ ಚೆನ್ನಾಗಿದ್ದೆ ಅನ್ನಿಸುತ್ತೆ. ಬಿಟ್ಟುಬಿಡಲಾ?"

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಸಂತ ಮಾರ್ಕನ ಶುಭಸಂದೇಶದ 8ನೇ ಅಧ್ಯಾಯವನ್ನು ತೆರೆಯೋಣ. ಹೆಚ್ಚಿನ ವರ್ಷಗಳಲ್ಲಿ ಲೂರ್ದು ಮಾತೆಯ ಹಬ್ಬದ ಆಸುಪಾಸಿನಲ್ಲಿಯೇ, ಸಾಧಾರಣ ಕಾಲದ ಆರನೇ ವಾರದ ಬುಧವಾರ, ನಾವು ಇದನ್ನು ಪೂಜೆಯಲ್ಲಿ ಕೇಳುತ್ತೇವೆ. ಬೆತ್ಸಾಯಿದದಲ್ಲಿ ಒಬ್ಬ ಕುರುಡನನ್ನು ಜನ ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಪ್ರಭು ಅವನ ಕೈ ಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ. ಅವನ ಕಣ್ಣುಗಳಿಗೆ ಉಗುಳನ್ನು ಸವರಿ, ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸುತ್ತಾರೆ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎಂದು ಆತ ಹೇಳುತ್ತಾನೆ. ಪ್ರಭು ಮತ್ತೊಮ್ಮೆ ಕೈಯಿಡುತ್ತಾರೆ. ಆಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

ಈ ಘಟನೆ ಮಾರ್ಕನಲ್ಲಿ ಮಾತ್ರ ಇದೆ. ಬಿರುಗಾಳಿಯನ್ನು ಒಂದೇ ಮಾತಿನಲ್ಲಿ ನಿಲ್ಲಿಸಿದ ಪ್ರಭು ಇಲ್ಲಿ ಎರಡು ಸಲ ಕೈಯಿಟ್ಟದ್ದೇಕೆ? ಶಿಷ್ಯರ ಅರಿವೂ ಹೀಗೆಯೇ ನಿಧಾನವಾಗಿ ತೆರೆಯಿತು ಎಂಬುದಕ್ಕೆ ಇದು ಸಂಕೇತವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ಸರಿಯೇ. ನಮ್ಮ ಗಮನ ಮಾತ್ರ ಎರಡು ಸ್ಪರ್ಶಗಳ ನಡುವಿನ ಆ ಗಳಿಗೆಯ ಮೇಲಿದೆ. ಆ ಮನುಷ್ಯ ಪೂರ್ತಿ ಕುರುಡನಲ್ಲ, ಪೂರ್ತಿ ಗುಣವಾದವನೂ ಅಲ್ಲ. ಕಂಡದ್ದೋ ವಿಕಾರ. ಅವನು ಎರಡು ತಪ್ಪು ಮಾಡಬಹುದಾಗಿತ್ತು. ಗುರುವಿಗೆ ಬೇಸರವಾದೀತೆಂದು "ಚೆನ್ನಾಗಿ ಕಾಣುತ್ತಿದೆ ಸ್ವಾಮಿ" ಎನ್ನಬಹುದಿತ್ತು. ಇಲ್ಲವೇ "ಇದೆಂಥ ಗುಣಪಡಿಸುವಿಕೆ" ಎಂದು ಎದ್ದು ಹೋಗಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ನಿಂತಲ್ಲೇ ನಿಂತ. ನಿನ್ನ ವಿಶ್ವಾಸ ಅರ್ಧ, ಅದಕ್ಕೇ ದೃಷ್ಟಿಯೂ ಅರ್ಧ ಎಂದು ಪ್ರಭು ಅವನನ್ನು ಗದರಲಿಲ್ಲ ಎಂಬುದನ್ನೂ ಗಮನಿಸಬೇಕು.

ಮಾತ್ರೆ ಶುರುಮಾಡಿದವರ ಮೊದಲ ವಾರಗಳು ಇಂಥವೇ. ಆತಂಕಕ್ಕೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳು ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಮಿದುಳು ಈ ಬದಲಾವಣೆಗೆ ಹೊಂದಿಕೊಳ್ಳಲು ಕಾಲ ಬೇಕು. ಗುಣ ಕಾಣಿಸತೊಡಗಲು ಎರಡರಿಂದ ನಾಲ್ಕು ವಾರ, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಪ್ಯಾರಸಿಟಮಾಲ್ ನುಂಗಿ ಅರ್ಧ ಗಂಟೆಯಲ್ಲಿ ತಲೆನೋವು ಇಳಿದದ್ದನ್ನು ಕಂಡ ನಮಗೆ ಇಷ್ಟು ಕಾಯುವ ಅಭ್ಯಾಸವಿಲ್ಲ. ಕಷ್ಟವೇನೆಂದರೆ, ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆ ಏರುಪೇರಾಗುವುದು, ಮೊದಮೊದಲು ಚಡಪಡಿಕೆ ಸ್ವಲ್ಪ ಹೆಚ್ಚಾಗುವುದು ಕೂಡ ಉಂಟು. ಹೆಚ್ಚಿನವರಿಗೆ ಇವು ಒಂದೆರಡು ವಾರದಲ್ಲಿ ಇಳಿಯುತ್ತವೆ. ಅದಕ್ಕಾಗಿಯೇ ವೈದ್ಯರು ಚಿಕ್ಕ ಪ್ರಮಾಣದಿಂದ ಆರಂಭಿಸುವುದು. "ಇಷ್ಟು ಸಣ್ಣ ಮಾತ್ರೆ ಏನು ಮಾಡೀತು" ಎಂದು ಮೂಗು ಮುರಿಯಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆತಂಕದ ಕಾಯಿಲೆಯವರು ತಮ್ಮ ಮೈಯನ್ನು ಸದಾ ಕಾವಲು ಕಾಯುತ್ತಿರುತ್ತಾರೆ. ಎದೆ ಒಂದು ಬಡಿತ ತಪ್ಪಿದರೂ ಅವರಿಗೆ ತಿಳಿಯುತ್ತದೆ. ಅಂಥವರಿಗೆ ಹೊಸ ಮಾತ್ರೆ ತರುವ ಚಿಕ್ಕ ಬದಲಾವಣೆಯೂ ಅಪಾಯದ ಗಂಟೆಯಂತೆ ಕೇಳಿಸುತ್ತದೆ. ಅವರನ್ನು "ನಾಟಕ" ಎಂದು ಹೀಯಾಳಿಸುವುದು ಅನ್ಯಾಯ.

ಗದ್ದೆ ಕೆಲಸ ಬಲ್ಲವರಿಗೆ ಒಂದು ಮಾತು ಸಾಕು. ನಾಟಿ ಮಾಡಿದ ಮೊದಲ ವಾರ ಪೈರು ಹಳದಿಗೆ ತಿರುಗಿ ಬಾಡಿದಂತೆ ಕಾಣುತ್ತದೆ. ಬೇರು ಹಿಡಿದ ಮೇಲೆ ಹಸಿರಾಗುತ್ತದೆ. ಹಳದಿ ಕಂಡಿತೆಂದು ಯಾವ ರೈತನೂ ಪೈರನ್ನು ಕಿತ್ತೆಸೆಯುವುದಿಲ್ಲ. ಆದರೆ ದಿನವೂ ಗದ್ದೆಯ ಬದುವಿನ ಮೇಲೆ ನಿಂತು ನೋಡುತ್ತಾನೆ, ರೋಗ ಬಿದ್ದಿದ್ದರೆ ಗುರುತಿಸುತ್ತಾನೆ. ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ.

ಹಾಗಾಗಿ ಬೆತ್ಸಾಯಿದದ ಆ ಮನುಷ್ಯನಂತೆ ವೈದ್ಯರಿಗೆ ನಿಜ ಹೇಳಬೇಕು. ಮುಂದಿನ ಭೇಟಿಗೆ ತಪ್ಪದೆ ಹೋಗಿ, ಕಾಣದಿದ್ದರೆ ಕಾಣುತ್ತಿಲ್ಲ ಎನ್ನಬೇಕು. ಮೊದಲ ಮಾತ್ರೆಯೇ ಎಲ್ಲರಿಗೂ ಒಗ್ಗುವುದಿಲ್ಲ. ಪ್ರಮಾಣ ಹೆಚ್ಚಿಸಬೇಕಾಗಬಹುದು, ಬೇರೆ ಮಾತ್ರೆಗೆ ಬದಲಾಯಿಸಬೇಕಾಗಬಹುದು. ಅದು ಸೋಲಲ್ಲ, ಎರಡನೇ ಸಲ ಕೈಯಿಡುವುದು. ಒಂದು ಪುಸ್ತಕದಲ್ಲಿ ವಾರಕ್ಕೊಮ್ಮೆ, ಭಾನುವಾರ ಪೂಜೆ ಮುಗಿಸಿ ಬಂದು ಬರೆದಿಡುವುದು ಒಳ್ಳೆಯದು: ಎಷ್ಟು ಗಂಟೆ ನಿದ್ದೆ ಬಂತು, ಎಲ್ಲೆಲ್ಲಿಗೆ ಹೋಗಲು ಸಾಧ್ಯವಾಯಿತು. ಗಂಟೆಗೊಮ್ಮೆ ಮನಸ್ಸನ್ನು ಅಳೆಯುತ್ತಾ ಕೂತರೆ ಯಾವ ಏಳಿಗೆಯೂ ಕಾಣದು. ಎಷ್ಟೋ ಸಲ ಗುಣವಾಗುತ್ತಿರುವುದು ಮೊದಲು ಕಾಣುವುದು ಮನೆಯವರಿಗೆ. ರೇಷನ್ ಅಂಗಡಿಗೆ ಒಬ್ಬಳೇ ಹೋಗಿ ಬಂದಳಲ್ಲ ಎಂದು ಅತ್ತೆ ಗಮನಿಸಿರುತ್ತಾರೆ, ಸೊಸೆಗೆ ಅದು ಹೊಳೆದಿರುವುದಿಲ್ಲ. ಮಾತ್ರೆಯ ಜೊತೆಗೆ ಆಪ್ತಸಮಾಲೋಚನೆಯೂ ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ. ಸಿಗುವಲ್ಲಿ ಅದನ್ನೂ ಪಡೆಯಬೇಕು.

"ಚಟ ಹತ್ತಿದರೆ?" ಎಂಬ ಭಯ ಬಹಳ ಮನೆಗಳಲ್ಲಿದೆ. ಇಲ್ಲಿ ಎರಡು ಬಗೆಯ ಮಾತ್ರೆಗಳನ್ನು ಬೇರೆ ಮಾಡಿ ನೋಡಬೇಕು. ಮೇಲೆ ಹೇಳಿದ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು. ಆದ್ದರಿಂದ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಕ್ಲೊನಾಜೆಪಾಮ್, ಆಲ್ಪ್ರಜೋಲಾಮ್‌ನಂಥವು ಬೇರೆ ಜಾತಿ. ಇವು ಬೇಗ ಶಮನ ಕೊಡುತ್ತವೆ, ದೀರ್ಘಕಾಲ ನುಂಗಿದರೆ ಅಭ್ಯಾಸವಾಗುತ್ತವೆ. ಅದಕ್ಕೇ ವೈದ್ಯರು ಇವನ್ನು ಆರಂಭದ ಕೆಲವು ವಾರಕ್ಕೆ ಮಾತ್ರ ಬರೆಯುವುದು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಳ್ಳುವುದು, ಪಕ್ಕದ ಮನೆಯವರಿಗೆ ಎರಡು ಕೊಡುವುದು ಬೇಡವೇ ಬೇಡ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು, ಸಾಮಾನ್ಯವಾಗಿ ಒಂದು ವರ್ಷದವರೆಗೆ ಮಾತ್ರೆ ಮುಂದುವರಿಸಲು ಹೇಳುತ್ತಾರೆ. ಸಂತ ಪೌಲರೇ ತಿಮೊಥೇಯನಿಗೆ ಹೊಟ್ಟೆನೋವಿಗೆಂದು ತುಸು ದ್ರಾಕ್ಷಾರಸ ಕುಡಿಯಲು ಬರೆದಿದ್ದಾರಲ್ಲ ಎಂದು ಮದುವೆ ಮನೆಗಳಲ್ಲಿ ನೆನಪಿಸುವ ಗಂಡಸರಿದ್ದಾರೆ. ಅವರಿಗೆ ಹೇಳುವುದಿಷ್ಟೇ: ತಿಮೊಥೇಯ ಈ ಮಾತ್ರೆಗಳನ್ನು ನುಂಗುತ್ತಿರಲಿಲ್ಲ. ಇವುಗಳ ಜೊತೆ ಮದ್ಯ ಸಲ್ಲದು.

ಮಾತ್ರೆಯ ತೊಂದರೆಗಿಂತ ಆಳವಾದ ನಿರಾಶೆ ನಮ್ಮ ವಿಶ್ವಾಸಿಗಳಿಗೆ ಇನ್ನೊಂದಿದೆ. "ಜಪಸರ ಹೇಳಿದೆ, ನೊವೇನ ಮುಗಿಸಿದೆ, ಕೊನೆಗೂ ಮಾತ್ರೆಗೆ ಬಂದೆ. ನನ್ನ ಪ್ರಾರ್ಥನೆಯಲ್ಲಿ ಏನೋ ಕೊರತೆ." ದೇವರೇ ಔಷಧಿಗಳನ್ನು ಮಣ್ಣಿನಿಂದ ಹುಟ್ಟಿಸಿದರೆಂದೂ, ಬುದ್ಧಿಯುಳ್ಳವರು ಅವನ್ನು ತಾತ್ಸಾರ ಮಾಡರೆಂದೂ ಸಿರಾಖನ ಗ್ರಂಥದ 38ನೇ ಅಧ್ಯಾಯ ಕಲಿಸುತ್ತದೆ. ಪ್ರಾರ್ಥಿಸು, ಆಮೇಲೆ ವೈದ್ಯನಿಗೂ ಎಡೆಕೊಡು ಎನ್ನುವುದು ಅಲ್ಲಿನ ಕ್ರಮ. ಒಂದನ್ನು ಬಿಟ್ಟು ಇನ್ನೊಂದಲ್ಲ. ಬರ್ನದೆತ್ತಳನ್ನೇ ನೋಡಿ. ಮಾತೆಯನ್ನು ಕಣ್ಣಾರೆ ಕಂಡ ಆಕೆ ಜೀವನವಿಡೀ ಉಬ್ಬಸದಿಂದ ನರಳಿದಳು. ನೆವೇರ್ ಪಟ್ಟಣದ ಕನ್ಯಾಮಠದಲ್ಲಿ ರೋಗಿಗಳ ಆರೈಕೆ ಮಾಡುತ್ತಾ, ತಾನೂ ರೋಗಿಯಾಗಿ, 1879ರಲ್ಲಿ 35ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ವಿಶ್ವಾಸ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಲೂರ್ದಿನಲ್ಲಿ 1883ರಿಂದಲೂ ವೈದ್ಯರ ಕಚೇರಿಯೊಂದಿದೆ. ಗುಣವಾದೆವು ಎನ್ನುವವರನ್ನು ವೈದ್ಯರು ಪರೀಕ್ಷಿಸದೆ ಶ್ರೀಸಭೆ ಅದನ್ನು ಪವಾಡವೆನ್ನುವುದಿಲ್ಲ. ಪವಾಡದ ವಿಷಯದಲ್ಲೇ ವೈದ್ಯರ ಮಾತು ಕೇಳುವ ಶ್ರೀಸಭೆ, ನೀವು ವೈದ್ಯರ ಬಳಿ ಹೋದದ್ದನ್ನು ಅವಿಶ್ವಾಸವೆಂದೀತೇ?

ತಪಸ್ಸುಕಾಲ ಹತ್ತಿರವಾಗುತ್ತಿರುವುದರಿಂದ ಒಂದು ಸಂದೇಹವನ್ನೂ ಬಗೆಹರಿಸೋಣ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೆ ನೀರು ಮತ್ತು ಔಷಧಿಯಿಂದ ಭಂಗವಿಲ್ಲವೆಂದು 1983ರ ಧರ್ಮಸಭಾ ಕಾನೂನಿನ 919ನೇ ಕಟ್ಟಳೆ ಸ್ಪಷ್ಟವಾಗಿ ಹೇಳುತ್ತದೆ. ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಊಟದ ನಂತರ ನುಂಗುವ ಮಾತ್ರೆಯಿದ್ದರೆ ವಿಭೂತಿ ಬುಧವಾರವೂ ಉಂಡು ನುಂಗಿರಿ. ಹರಕೆಯ ಹೆಸರಿನಲ್ಲಿ ನಲವತ್ತು ದಿನ ಮಾತ್ರೆ ಬಿಡುವುದು ತ್ಯಾಗವಲ್ಲ.

ಮನೆಯವರಿಗೆ ಪ್ರವಾದಿ ಎಲೀಯನ ಕಥೆ ನೆನಪಾಗಲಿ. ಹೆದರಿ ಓಡಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಬಿದ್ದು, ಸಾಕಾಯಿತು, ಸಾವು ಕೊಡು ಎಂದವನ ಬಳಿ ದೇವದೂತ ಬಂದು ಬುದ್ಧಿವಾದ ಹೇಳಲಿಲ್ಲ. ರೊಟ್ಟಿ ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದವನನ್ನು ಬೈಯಲಿಲ್ಲ. ಎರಡನೇ ಸಲವೂ ಬಂದು, ದಾರಿ ದೂರವಿದೆ ಎಂದು ಉಣಿಸಿದ. "ಧೈರ್ಯ ತಂದುಕೋ", "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂಬ ಮಾತುಗಳಿಗಿಂತ ಹೊತ್ತಿಗೆ ಸರಿಯಾಗಿ ಊಟ ಬಡಿಸಿ, ಮಾತ್ರೆಯ ನೆನಪು ಮಾಡಿ, ಆಸ್ಪತ್ರೆಗೆ ಜೊತೆಗೆ ಹೋಗುವುದು ದೊಡ್ಡ ಉಪಕಾರ.

ಮದುವೆ ವಯಸ್ಸಿನ ಮಗಳಿದ್ದರೆ ತಾಯಂದಿರು ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವುದುಂಟು. ಅವರ ಭಯ ನಮಗೆ ಅರ್ಥವಾಗುತ್ತದೆ. ಪ್ರಭು ಕೂಡ ಆ ಕುರುಡನನ್ನು ಊರ ಕಣ್ಣಿನಿಂದ ದೂರ ಕರೆದೊಯ್ದರು, ಗುಣವಾದ ಮೇಲೂ ಊರೊಳಗೆ ಹೋಗದೆ ಮನೆಗೆ ಹೋಗೆಂದರು. ಎಲ್ಲರಿಗೂ ಹೇಳಿಕೊಂಡು ತಿರುಗಬೇಕಾಗಿಲ್ಲ. ಆದರೆ ಅವನ ಕೈಯನ್ನು ಯಾರೋ ಹಿಡಿದಿದ್ದರು. ಗುಟ್ಟು ಕಾಯುವ ಆತುರದಲ್ಲಿ ಮಗಳು ಒಬ್ಬಂಟಿಯಾಗಬಾರದು. ತಿಳಿದ ಒಬ್ಬರಾದರೂ ಮನೆಯಲ್ಲಿರಲಿ.

ಒಂದು ವಿಷಯಕ್ಕೆ ಮಾತ್ರ ಕಾಯಬಾರದು. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ವಿಶೇಷವಾಗಿ ಇಪ್ಪತ್ತೈದರೊಳಗಿನ ಯುವಜನರಲ್ಲಿ, ಸಾಯುವ ಯೋಚನೆ ಬಂದರೆ, ಇಲ್ಲವೇ ಚಡಪಡಿಕೆ ವಿಪರೀತವಾದರೆ, ಮೈಯೆಲ್ಲ ಗಂದೆ ಎದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯೆಂದು ತಿಳಿದರೆ ತಾನಾಗಿ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ಬೇಗ ತಿಳಿಸಬೇಕು. ದೂರದ ನಗರಕ್ಕೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ ಸಂಖ್ಯೆ 14416. ಹಣವಿಲ್ಲದೆ, ಹಗಲು ರಾತ್ರಿಯೆನ್ನದೆ, ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ಎದೆ ಹೊಡೆದುಕೊಂಡು ಎದ್ದು ಕೂತವರಿಗೂ ಅಲ್ಲಿ ಓಗೊಡುವವರಿದ್ದಾರೆ.