ನಿಮಗಿದು ಗೊತ್ತೆ? ಒಂದು ಪದ ಬಿಟ್ಟರೆ ದಾರಿಯೇ ಮಾಯ!

ಗಣಕಜಾಲಗಳ ಕವಲುದಾರಿಯಲ್ಲಿ ಕುಳಿತು ದತ್ತಾಂಶಕ್ಕೆ ದಿಕ್ಕು ತೋರುವ ರೂಟರ್ ಎಂಬ ಯಂತ್ರವು, ತನಗಿತ್ತ ಆಜ್ಞೆಯಲ್ಲಿ ‘ಸಬ್‌ನೆಟ್ಸ್’ ಎಂಬ ಒಂದೇ ಪದ ಬಿಟ್ಟುಹೋಯಿತೆಂಬ ಕಾರಣಕ್ಕೆ, ತಾನು ಚೆನ್ನಾಗಿ ಬಲ್ಲ ಹಲವು ಮಾರ್ಗಗಳನ್ನು ನೆರೆಯವರಿಗೆ ತಿಳಿಸದೆ ನುಂಗಿಬಿಡಬಲ್ಲುದು!

ರೂಟರುಗಳು ಮಾರ್ಗಗಳ ಸುದ್ದಿ ಹಂಚಿಕೊಳ್ಳಲು ಬಳಸುವ ರಿಪ್ ಎಂಬ ಹಳೆಯ ಪ್ರೋಟೊಕಾಲ್‌ನಿಂದ ಕಲಿತ ಮಾರ್ಗಗಳನ್ನು ಓಎಸ್‌ಪಿಎಫ್ ಎಂಬ ಇನ್ನೊಂದಕ್ಕೆ ದಾಟಿಸುವಾಗ, ಆ ಪದವಿಲ್ಲದಿದ್ದರೆ, ಸಿಸ್ಕೋ ಕಂಪನಿಯ ರೂಟರುಗಳು ಬಹುಕಾಲ ಅಖಂಡ ಜಾಲಗಳನ್ನು ಮಾತ್ರ ಅಂಗೀಕರಿಸಿ ವಿಭಜಿತವಾದವನ್ನು ಕೈಬಿಡುತ್ತಿದ್ದುವು. 256 ವಿಳಾಸಗಳ 192.168.5.0 ಎಂಬ ಜಾಲವು ಹಳೆಯ ವಿಳಾಸವರ್ಗಗಳ ಲೆಕ್ಕದಲ್ಲಿ ಪೂರ್ಣವಾದುದರಿಂದ ನಿರಾತಂಕವಾಗಿ ಹೊಸಿಲು ದಾಟುತ್ತಿತ್ತು. 65,536 ವಿಳಾಸಗಳ 172.16.0.0 ಜಾಲದಿಂದ ಕತ್ತರಿಸಿ ತೆಗೆದ, ಗಾತ್ರದಲ್ಲಿ ಮೊದಲಿನದರಷ್ಟೇ, ಅಂದರೆ 256 ವಿಳಾಸಗಳಷ್ಟೇ, ಇರುವ 172.16.5.0 ಎಂಬ ತುಂಡಾದರೋ ಬಾಗಿಲಲ್ಲೇ ಉಳಿಯುತ್ತಿತ್ತು. ವಿಳಾಸಗಳ ಈ ವರ್ಗಭೇದವನ್ನು ಅಂತರಜಾಲದ ನಿಯಾಮಕರು 1993ರಲ್ಲೇ ತೊರೆದಿದ್ದರೆಂಬುದನ್ನು ನೆನೆದರೆ, ಯಂತ್ರಗಳಿಗೂ ಪೂರ್ವಾಚಾರದ ಮೋಹ ಉಂಟೆನ್ನಬೇಕು.

ಇದಿರು ದಿಕ್ಕಿನ ತೊಡಕು ಬೇರೆ ಬಗೆಯದು. ದಾರಿಯ ದೂರವನ್ನು ನಡುವಣ ರೂಟರುಗಳ ಸಂಖ್ಯೆಯಿಂದ ಅಳೆಯುವ ರಿಪ್‌ಗೆ 15ರವರೆಗೆ ಮಾತ್ರ ಲೆಕ್ಕ; 16 ಎಂದರೆ ಅದರ ಗಣಿತದಲ್ಲಿ ಅನಂತ, ಅರ್ಥಾತ್ ಅಗಮ್ಯ. ಆದುದರಿಂದ, ಓಎಸ್‌ಪಿಎಫ್‌ನಿಂದ ಬರುವ ಮಾರ್ಗಕ್ಕೆ ಇಷ್ಟು ದೂರವೆಂದು ನಿರ್ವಾಹಕನು ಕೈಯಾರೆ ನಮೂದಿಸದಿದ್ದರೆ, ಸಿಸ್ಕೋ ರೂಟರುಗಳು ಅದಕ್ಕೆ ಅನಂತವನ್ನೇ ಅಳತೆಯಾಗಿ ಕೊಟ್ಟುಬಿಡುವುವು. ಪಕ್ಕದ ಕೋಣೆಯ ಗಣಕವೂ ಆಗ ರಿಪ್‌ನ ಪಾಲಿಗೆ ಎಟುಕದ ದೂರದಲ್ಲಿರುವುದು.