ದವಡೆ ಕಚ್ಚುವ ಮೊದಲು ವಿಷ ನಡೆದ ದಾರಿ

ಧನುರ್ವಾಯು ಬರುವುದು ಮೊಳೆಯ ತುಕ್ಕಿನಿಂದಲ್ಲ. ಮಣ್ಣು, ಸಗಣಿಗಳಲ್ಲಿ ವರ್ಷಗಟ್ಟಲೆ ಬದುಕಿರಬಲ್ಲ ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿಂದ. ಗಾಳಿಯಾಡದ ಆಳವಾದ ಗಾಯ ಸಿಕ್ಕರೆ ಅವು ಮೊಳೆತು ವಿಷ ಸುರಿಸುತ್ತವೆ. ಬ್ಯಾಕ್ಟೀರಿಯಾ ಮಾತ್ರ ಗಾಯ ಬಿಟ್ಟು ಕದಲುವುದಿಲ್ಲ. ಹಾಗಿದ್ದರೆ ಅಂಗಾಲಿಗೆ ಮೊಳೆ ಚುಚ್ಚಿದವನ ದವಡೆಯೇ ಮೊದಲು ಕಚ್ಚಿಕೊಳ್ಳುವುದೇಕೆ?

ವಿಷ ರಕ್ತದಲ್ಲಿ ಸೇರಿ ಮೈಯೆಲ್ಲ ಹರಡುತ್ತದೆ. ಆದರೆ ರಕ್ತದಿಂದ ನೇರವಾಗಿ ಬೆನ್ನುಹುರಿಗೆ ನುಗ್ಗಲು ಅದಕ್ಕೆ ಆಗದು. ಸ್ನಾಯುಗಳಲ್ಲಿ ಕೊನೆಗೊಳ್ಳುವ ನರತುದಿಗಳಿಗೆ ಅದು ಅಂಟಿಕೊಳ್ಳುತ್ತದೆ. ನರವೇ ಅದನ್ನು ಪುಟ್ಟ ಪೊರೆಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ.

ಬೆನ್ನುಹುರಿಯಿಂದ ಪಾದದವರೆಗೆ ಚಾಚಿದ ಒಂದೇ ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ತುದಿಯಲ್ಲಿ ಸಿಕ್ಕ ಪೋಷಕ ಪ್ರೋಟೀನುಗಳು ಅಷ್ಟು ದೂರದ ಕೋಶದ ಒಡಲನ್ನು ಮುಟ್ಟಬೇಕಲ್ಲ! ಅದಕ್ಕೆಂದೇ ಎಳೆಯೊಳಗೆ ಸೂಕ್ಷ್ಮನಳಿಕೆಗಳು ಹಾಸಿವೆ. ಅವುಗಳ ಮೇಲೆ ಡೈನೀನ್ ಎಂಬ ಪ್ರೋಟೀನು ಸಂತೆಯ ಹಮಾಲಿಯಂತೆ ಹೊರೆ ಹೊತ್ತು ಹೆಜ್ಜೆಯಿಡುತ್ತದೆ. ವಿಷ ಬರುವುದು ಆ ಹೊರೆಯೊಳಗೇ. ವೇಗ ಸೆಕೆಂಡಿಗೆ ಸುಮಾರು 1 ಮೈಕ್ರೋಮೀಟರ್, ಅಂದರೆ ದಿನಕ್ಕೆ ಎಂಟೊಂಬತ್ತು ಸೆಂಟಿಮೀಟರ್. ದವಡೆಯ ನರ ಗಿಡ್ಡ. ಅಲ್ಲಿ ಹತ್ತಿಕೊಂಡ ವಿಷ ಮಿದುಳಿನ ಕಾಂಡವನ್ನು ಬೇಗ ಸೇರುತ್ತದೆ, ಕಾಲಿನದು ಇನ್ನೂ ದಾರಿಯಲ್ಲಿರುತ್ತದೆ. ಸಾಮಾನ್ಯವಾಗಿ ಗಾಯವಾದ 3ರಿಂದ 21 ದಿನಗಳೊಳಗೆ ರೋಗ ತಲೆಯೆತ್ತುತ್ತದೆ.

ದಾರಿಯುದ್ದಕ್ಕೂ ವಿಷ ಯಾರಿಗೂ ತೊಂದರೆ ಕೊಡುವುದಿಲ್ಲ. ನನಗೆ ಅತಿ ವಿಚಿತ್ರವೆನಿಸುವುದು ಇದೇ. ತನ್ನನ್ನು ಹೊತ್ತು ತಂದ ನರಕೋಶದಿಂದಲೂ ಹೊರಬಿದ್ದು, ಅದನ್ನು ಹದ್ದಿನಲ್ಲಿಡುವ ಪಕ್ಕದ ಕೋಶಕ್ಕೆ ದಾಟುತ್ತದೆ. ಅಲ್ಲಿ ಸಿನಾಪ್ಟೊಬ್ರೆವಿನ್ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಅದಿಲ್ಲದೆ ಗ್ಲೈಸೀನ್, ಗಾಬಾ ಎಂಬ ತಡೆರಾಸಾಯನಿಕಗಳು ಹೊರಬರಲಾರವು. ಅಂಕೆ ತಪ್ಪಿದ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಒಂದು ಸದ್ದು, ಒಂದು ಸ್ಪರ್ಶ ಸಾಕು, ಮೈಯೆಲ್ಲ ಸೆಳೆತ.

ಇಟಲಿಯ ಪಡುವಾದಲ್ಲಿ ವಿಜ್ಞಾನಿ ಮಾಂಟೆಕುಕ್ಕೊ ಅವರ ತಂಡ 1992ರಲ್ಲಿ ಈ ಕತ್ತರಿಯನ್ನು ಪತ್ತೆ ಮಾಡಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಬಾಟುಲಿನಮ್ 'ಬಿ' ವಿಷ ಕತ್ತರಿಸುವುದೂ ಅದೇ ಪ್ರೋಟೀನನ್ನು, ಅದೇ ಜಾಗದಲ್ಲಿ. ಅದು ಸ್ನಾಯುವಿನ ಬಳಿಯ ನರತುದಿಯಲ್ಲೇ ಕೆಲಸ ಮುಗಿಸುವುದರಿಂದ ಸ್ನಾಯು ಸೆಟೆಯುವ ಬದಲು ಜೋತುಬೀಳುತ್ತದೆ.

ನರದೊಳಗೆ ಹೊಕ್ಕ ವಿಷವನ್ನು ಯಾವ ಪ್ರತಿವಿಷವೂ ಮುಟ್ಟಲಾರದು. ಹೊರಗೆ ಉಳಿದದ್ದನ್ನಷ್ಟೇ ಅದು ಹಿಡಿಯಬಲ್ಲದು. ಕೊಲ್ಲಲು ಬೇಕಾದ ವಿಷ ಎಷ್ಟು ಕಡಿಮೆಯೆಂದರೆ, ಮೈಗೆ ಅದರ ಗುರುತೇ ಸಿಗದೆ ರೋಗದಿಂದ ಬದುಕುಳಿದವರಿಗೂ ರೋಗನಿರೋಧಕ ಶಕ್ತಿ ಬರುವುದಿಲ್ಲ, ಲಸಿಕೆ ಬೇಕೇ ಬೇಕು. ಕೊನೆಯ ಚುಚ್ಚುಮದ್ದು ಹಾಕಿಸಿಕೊಂಡು 10 ವರ್ಷ ದಾಟಿದ್ದರೆ ಗಾಯವಾಗಲೆಂದು ಕಾಯಬೇಡಿ, ಹೋಗಿ ಹಾಕಿಸಿಕೊಳ್ಳಿ.