ಹೊರಗೆ ಎಣ್ಣೆ, ಒಳಗೆ ಬರೀ ಮರ

ಮಲೆನಾಡಿನಲ್ಲಿ ಜೇನುಪೆಟ್ಟಿಗೆಯ ಆಯುಸ್ಸನ್ನು ನಿರ್ಧರಿಸುವುದು ಮಳೆಗಾಲ. ನಾಲ್ಕು ತಿಂಗಳು ನೆನೆದ ಹಲಗೆ ಉಬ್ಬುತ್ತದೆ, ಆಮೇಲಿನ ಬಿಸಿಲಿಗೆ ಸೀಳುತ್ತದೆ. ಆ ಸೀಳಿನಲ್ಲಿ ಇರುವೆ, ಮೇಣದ ಹುಳು ನೆಲೆ ಕಂಡುಕೊಳ್ಳುತ್ತವೆ. ಪೇಂಟ್ ಬಳಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಹಳ ಮಂದಿಗಿದೆ. ಆದರೆ ಜೇನ್ನೊಣಗಳು ಮಕರಂದದ ನೀರನ್ನು ಆರಿಸುವಾಗ ಪೆಟ್ಟಿಗೆಯೊಳಗೆ ಸದಾ ತೇವವಿರುತ್ತದೆ. ಹೊರಗೆ ದಪ್ಪನೆಯ ಪೇಂಟಿನ ಪದರವಿದ್ದರೆ ಮರ ಹೀರಿದ ತೇವಕ್ಕೆ ದಾರಿ ಸಿಗದೆ ಪೇಂಟ್ ಗುಳ್ಳೆ ಏಳುತ್ತದೆ, ಕಳಚುತ್ತದೆ.

ಇದಕ್ಕೆ ಹಳೆಯ, ನಂಬಬಹುದಾದ ಉತ್ತರ ಅಗಸೆ ಎಣ್ಣೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವುದೂ ಇದನ್ನೇ. ಗಾಳಿ ತಾಗಿದಂತೆ ಇದು ಮರದ ನಾರುಗಳ ನಡುವೆಯೇ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಅಂಟಂಟಾಗಿಯೇ ಉಳಿದು ಕಮಟುತ್ತದೆ. ಸ್ಲೊವೇನಿಯಾದ ಜೇನುಗಾರರು ಗೂಡಿನ ಮುಂದಿನ ಹಲಗೆಗಳ ಮೇಲೆ ಚಿತ್ರ ಬರೆಸುತ್ತಿದ್ದುದು ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣಗಳಿಂದ. ಬಿಸಿಲು, ಹಿಮಕ್ಕೆ ಒಡ್ಡಿಕೊಂಡಿದ್ದ ಅಂಥ ಹಲಗೆಗಳು ಇಂದಿಗೂ ಉಳಿದಿವೆ. ಸಿಕ್ಕಿರುವುದರಲ್ಲಿ ಅತ್ಯಂತ ಹಳೆಯದು 1758ರದ್ದು.

ಎಣ್ಣೆಗೆ ಜೇನುಮೇಣ ಸೇರಿದರೆ ನೀರು ಇನ್ನೂ ಚೆನ್ನಾಗಿ ಜಾರುತ್ತದೆ. ಒಂದು ಲೀಟರ್ ಎಣ್ಣೆಗೆ 50 ಗ್ರಾಂ ಮೇಣ ಸಾಕು. ಮೇಣ ಕರಗುವುದು ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಪಾತ್ರೆಯನ್ನು ನೇರ ಬೆಂಕಿಯ ಮೇಲಿಡದೆ ಕುದಿಯುವ ನೀರಿನಲ್ಲಿಟ್ಟು ಕರಗಿಸಬೇಕು. ಬೆಚ್ಚಗಿರುವಾಗಲೇ ಬಟ್ಟೆಯಿಂದ ತೆಳುವಾಗಿ ಉಜ್ಜಿ, ಒಣಗಿದ ಮೇಲೆ ಮತ್ತೊಮ್ಮೆ ಉಜ್ಜಬೇಕು. ಹಲಗೆಯ ಕೊಯ್ದ ತುದಿಗಳನ್ನು ಮರೆಯಬಾರದು. ಮರ ಅತಿ ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ಇನ್ನೊಂದು ಎಚ್ಚರಿಕೆ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಿ. ಅಂಗಡಿಯಲ್ಲಿ ‘ಕುದಿಸಿದ್ದು’ ಎಂದು ಮಾರುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಜೇನುಪೆಟ್ಟಿಗೆಗೆ ಅದು ಬೇಡ.

ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಗೆದ್ದಲಿಗೆ ಒಳ್ಳೆಯ ಮದ್ದು. ಆದರೆ ಅದು ಚರ್ಮ ಸುಡುವಷ್ಟು ಖಾರ. ನನ್ನ ಮಟ್ಟಿಗೆ ಅದರ ಜಾಗ ಪೆಟ್ಟಿಗೆ ನಿಲ್ಲುವ ಮರದ ಕಾಲುಗಳು ಮಾತ್ರ.

ಒಳಮೈಗೆ ಎಣ್ಣೆಯನ್ನೂ ಹಚ್ಚಬಾರದು, ಪೇಂಟನ್ನೂ ಬಳಿಯಬಾರದು. ಯುರೋಪಿನ ಜೇನ್ನೊಣ ಮರದ ಅಂಟು ತಂದು ಗೂಡಿನ ಒಳಗೋಡೆಗೆ ತಾನೇ ಮೆತ್ತುತ್ತದೆ. ನಮ್ಮ ತುಡುವೆ ಜೇನಿಗೆ ಆ ಅಭ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹೊಸ ಪೆಟ್ಟಿಗೆಗೆ ಹೊಸ ಕುಟುಂಬ ತುಂಬುವ ಮೊದಲು ಒಳಗೆ ಒಂದಿಷ್ಟು ಜೇನುಮೇಣ ತಿಕ್ಕಿದರೆ ಸಾಕು, ಆ ಪರಿಚಿತ ವಾಸನೆಗೆ ನೊಣಗಳು ಬೇಗ ಒಗ್ಗುತ್ತವೆ.

ಈ ಬೇಸಿಗೆಯಲ್ಲಿ ಜೇನು ತೆಗೆದ ಮೇಲೆ ಕಪ್ಪಾದ ಹಳೆಯ ಎರಿಗಳನ್ನು ಎಸೆಯಬೇಡಿ. ಕರಗಿಸಿ, ಸೋಸಿ, ಅಗಸೆ ಎಣ್ಣೆಗೆ ಸೇರಿಸಿ, ಮಳೆ ಹಿಡಿಯುವ ಮೊದಲೇ ಖಾಲಿ ಪೆಟ್ಟಿಗೆಗಳ ಹೊರಮೈಗೆ ಹಚ್ಚಿಡಿ. ಎಣ್ಣೆಯ ವಾಸನೆ ಪೂರ್ತಿ ಹೋದ ಮೇಲಷ್ಟೇ ಅವುಗಳಿಗೆ ಕುಟುಂಬ ಇಳಿಸಿ.